ಬಿಟ್ಟಿ ಪುಸ್ತಕಕ್ಕೆ ಒಬ್ಬ ಓದುಗ

ಸಾಲ ಕೇಳುವವನಿಗೆ ಆಗುವ ಅವಮಾನಕ್ಕಾದರೂ ಒಂದು ಮಿತಿ ಇದೆ. ಪುಸ್ತಕವನ್ನು ಬಿಟ್ಟಿಯಾಗಿ ಕೊಡಲು ಹೊರಟವನಿಗೆ ಮಿತಿ ಇಲ್ಲ. ವಾರವಾರವೂ ತಪ್ಪದೆ ಒಂದು ಅವಮಾನ ಆಗುತ್ತಲೇ ಇರುತ್ತದೆ.

ನನಗೆ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕೆಲಸ, ಕಲ್ಕತ್ತೆಯ ಟಾಲಿಗಂಜ್‌ನಲ್ಲಿ ಬಾಡಿಗೆ ಮನೆ. ಸಾಲ್ಟ್ ಲೇಕ್‌ನ ಸೆಕ್ಟರ್ ಫೈವ್‌ನಲ್ಲಿ ಐಟಿ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ಕಲ್ಕತ್ತೆಯ ಕನ್ನಡಿಗರ ಮನೆಗಳಿಗೆಲ್ಲ ಕಂಪ್ಯೂಟರು ಬಂದಾಗಿತ್ತು. ಕನ್ನಡ ಪುಸ್ತಕ ಮಾತ್ರ ಇನ್ನೂ ರಜೆಗೆ ಊರಿಗೆ ಹೋದವರ ಚೀಲದಲ್ಲೇ ಬರಬೇಕಿತ್ತು, ಸಾರಿನ ಪುಡಿಗೂ ರಾಗಿ ಹಿಟ್ಟಿಗೂ ನಡುವೆ. ಚೀಲ ಭಾರವಾದರೆ ಮೊದಲು ಹೊರಗೆ ಬೀಳುತ್ತಿದ್ದದ್ದೂ ಅದೇ.

ಹೀಗಾಗಿ ಶನಿವಾರಗಳಂದು ನಾನು ಇಂಟರ್ನೆಟ್‌ನಲ್ಲಿ ಹುಡುಕುತ್ತಿದ್ದೆ. ಕೃತಿಸ್ವಾಮ್ಯದ ಅವಧಿ ಮುಗಿದ ಪುಸ್ತಕಗಳು, ಲೇಖಕರೇ ಬಿಟ್ಟಿ ಇಟ್ಟವು, ಬೆಲೆ ಇಳಿಸಿದವು, ಎಲ್ಲವನ್ನೂ ಆರಿಸಿ, ಯಾವುದರಲ್ಲಿ ಏನಿದೆ ಎಂದು ಎರಡೆರಡು ಸಾಲು ಬರೆದು, ನಮ್ಮ ಕನ್ನಡ ಸಂಘದ ಮೇಲ್ ಗುಂಪಿಗೆ ಕಳಿಸುತ್ತಿದ್ದೆ. ಯಾರೂ ಹೇಳಿದ ಕೆಲಸವಲ್ಲ. ಓದಿದ್ದನ್ನು ಕುರಿತು ಮಾತಾಡಲು ಒಬ್ಬರು ಸಿಗಲಿ ಎಂಬ ಆಸೆ, ಅಷ್ಟೇ.

ಕರೆಂಟು

ಮೊದಲ ಮೇಲ್ ಹೋದ ಮರುವಾರ ಸಂಘದ ಅಧ್ಯಕ್ಷರ ಫೋನು. ಅವರು ಇನ್ನೊಂದು ಇಲಾಖೆಯಲ್ಲಿ ಲೆಕ್ಕಪತ್ರದ ಅಧಿಕಾರಿ, ಮೈಸೂರಿನವರು.

"ಏನ್ ಸ್ವಾಮಿ, ಪುಸ್ತಕ ಬಿಟ್ಟಿ ಅಂತ ಬರೆದಿದ್ರಿ. ಇನ್ನೂ ಬಂದೇ ಇಲ್ಲವಲ್ಲ?"

"ಅದು ಬರುವುದಿಲ್ಲ ಸರ್. ಕಂಪ್ಯೂಟರಿನಲ್ಲೇ ತೆಗೆದು ಓದುವುದು."

"ಓಹೋ. ಕಂಪ್ಯೂಟರ್ ನಮ್ಮದೇ?"

"ನಿಮ್ಮದೇ ಸರ್."

"ಇಂಟರ್ನೆಟ್ಟು?"

"ಅದೂ ನಿಮ್ಮದೇ."

"ಕರೆಂಟು?"

ಕರೆಂಟಿನ ಬಿಲ್ಲೂ ಅವರ ಮನೆಗೇ ಬರುತ್ತಿತ್ತು.

"ಮತ್ತೆ ಬಿಟ್ಟಿ ಅಂತ ಯಾಕೆ ಬರೀತೀರಿ ಸ್ವಾಮಿ? ಜನರಿಗೆ ಆಸೆ ತೋರಿಸಬಾರದು."

ಸಂಗ್ರಹ

ಅಧ್ಯಕ್ಷರಿಗೆ ನೇರ ವಿರುದ್ಧ ಸ್ವಭಾವದವನು ಸೆಕ್ಟರ್ ಫೈವ್‌ನ ಒಬ್ಬ ಇಂಜಿನಿಯರ್. ಅವನ ಆಫೀಸಿನಲ್ಲಿ ಇಂಟರ್ನೆಟ್ ನೀರಿನಂತೆ ಹರಿಯುತ್ತಿತ್ತು. ನನ್ನ ಪಟ್ಟಿ ಹೋದ ಸೋಮವಾರವೇ ಎಲ್ಲವನ್ನೂ ಇಳಿಸಿಕೊಂಡು, ಒಂದು ಪುಟ್ಟ ಹಾರ್ಡ್ ಡಿಸ್ಕಿನಲ್ಲಿ ವಿಷಯವಾರು ಜೋಡಿಸುತ್ತಿದ್ದ. ಸಂಘದ ಯುಗಾದಿ ಊಟದ ಪಂಕ್ತಿಯಲ್ಲಿ ಪಕ್ಕ ಕೂತು ಅದನ್ನು ಜೇಬಿನಿಂದ ತೆಗೆದು ತೋರಿಸಿದ.

"ಎಲ್ಲಾ ಇದರಲ್ಲಿದೆ ಅಂಕಲ್. ನಿಮ್ಮ ಒಂದು ಪುಸ್ತಕಾನೂ ಮಿಸ್ ಮಾಡಿಲ್ಲ."

ನನಗೆ ಹೋಳಿಗೆ ರುಚಿಸಿತು. "ಯಾವುದನ್ನು ಓದಿದೆಯಪ್ಪ?" ಎಂದೆ.

"ಓದೋದಾ? ಮೊದಲು ಕಲೆಕ್ಷನ್ ಕಂಪ್ಲೀಟ್ ಆಗಲಿ ಅಂಕಲ್. ಅರ್ಧಂಬರ್ಧ ಓದೋದು ನಂಗೆ ಸೇರಲ್ಲ."

ಮಳೆಗಾಲದಲ್ಲಿ ಒಂದು ದಿನ ಡಿಸ್ಕು ಕೆಟ್ಟಿತು. ರಿಪೇರಿ ಅಂಗಡಿಯವರೂ ಕೈಚೆಲ್ಲಿದರು. ಅವನು ನನಗೆ ಫೋನು ಮಾಡಿದ. ಸಾವಿನ ಸುದ್ದಿ ಹೇಳುವವನ ಧ್ವನಿ.

"ಇಷ್ಟು ವರ್ಷದ ಓದೆಲ್ಲ ಹೋಯ್ತು ಅಂಕಲ್."

ಚೈತ್ರ ಸೇಲ್

ಆಗ ಬಂದದ್ದು ಮೇಷ್ಟ್ರ ಮೇಲ್. ಅರಸೀಕೆರೆ ಕಡೆಯ ನಿವೃತ್ತ ಹೈಸ್ಕೂಲು ಮೇಷ್ಟ್ರು. ನನ್ನ ಪಟ್ಟಿ ಯಾರಿಂದಲೋ ಅವರಿಗೆ ಮುಟ್ಟಿತ್ತಂತೆ. ತಾಲ್ಲೂಕು ಕಚೇರಿಯ ಬೆರಳಚ್ಚುಗಾರ್ತಿಯೊಬ್ಬಳ ಬಗ್ಗೆ ಕಾದಂಬರಿ ಬರೆದಿದ್ದರು. ಪ್ರಕಾಶಕರು ಯಾರೂ ಮುಟ್ಟಿರಲಿಲ್ಲ. ಡಿಟಿಪಿ ಅಂಗಡಿಯಲ್ಲಿ ಅಕ್ಷರ ಜೋಡಣೆ ಮಾಡಿಸಿ, ಹಣ ಕಳಿಸಿದವರಿಗೆ ಮೇಲ್‌ನಲ್ಲಿ ಫೈಲು ಕಳಿಸುವ ವ್ಯವಸ್ಥೆ ಮಾಡಿಕೊಂಡಿದ್ದರು. ಕೊಂಡವರಿಲ್ಲ.

ನನಗೆ ಒಂದು ಪ್ರತಿ ಕಳಿಸಿದರು. ಓದಿದೆ. ಒಳ್ಳೆಯ ಕಾದಂಬರಿ. ಹಾಗೆಂದು ಬರೆದೆ. ಉತ್ತರ ಬಂತು: "ಸಂತೋಷ. ಆದರೆ ನೀವು ಓದಿದ್ದು ಲೆಕ್ಕಕ್ಕಿಲ್ಲ. ನೀವು ಎಲ್ಲವನ್ನೂ ಓದುವವರು. ನನಗೆ ಪರಿಚಯವೇ ಇಲ್ಲದವರೊಬ್ಬರು ಕೊನೆಯ ಪುಟದವರೆಗೆ ಹೋದರೆ ಸಾಕು, ಎರಡನೆಯದನ್ನು ಬರೆಯಲು ಕೂರುತ್ತೇನೆ. ಯಾರೂ ಇಲ್ಲದಿದ್ದರೆ ಇಲ್ಲಿಗೆ ನಿಲ್ಲಿಸುತ್ತೇನೆ. ಬೆಲೆ ಅರ್ಧ ಮಾಡಿದ್ದೇನೆ, ನಿಮ್ಮ ಕಡೆ ಹೇಳಿ ನೋಡಿ."

ಒಬ್ಬರು. ಒಂದು ಊರಿನ ಕನ್ನಡಿಗರಲ್ಲಿ ಒಬ್ಬರನ್ನು ಹುಡುಕಲಾರೆನೇ ಎಂದುಕೊಂಡೆ.

ವಾರವಾರವೂ ಬರೆದೆ. ಯಾರೂ ಅಲುಗಲಿಲ್ಲ. ಕೊನೆಗೆ ಸದರ್ನ್ ಅವೆನ್ಯೂನಲ್ಲಿದ್ದ ಬ್ಯಾಂಕ್ ಮ್ಯಾನೇಜರರ ಮನೆಗೇ ಹೋದೆ. ಮಂಗಳೂರಿನ ಕಡೆಯವರು, ಅನುಕೂಲಸ್ಥರು, ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ.

"ಎಂತ ಮಾರಾಯ್ರೆ," ಎಂದರು ಅವರು, "ಹೋದ ತಿಂಗಳೆಲ್ಲ ಧರ್ಮಕ್ಕೆ ಕೊಟ್ರಿ. ಈಗ ಇದಕ್ಕೆ ಅರ್ಧ ಬೆಲೆ ಅಂತೀರಿ. ನಿಮ್ಮಲ್ಲಿ ರೇಟು ಏರುವುದಾ ಇಳಿಯುವುದಾ?"

"ಇದು ಇಳಿದದ್ದೇ ಸರ್."

"ಧರ್ಮಕ್ಕೆ ಇದ್ದದ್ದು ಅರ್ಧಕ್ಕೆ ಬಂದ್ರೆ ಬ್ಯಾಂಕಿನಲ್ಲಿ ನಾವು ಅದಕ್ಕೆ ಏರಿಕೆ ಅಂತ ಹೇಳುವುದು."

ಒಳಗಿನಿಂದ ಅವರ ಹೆಂಡತಿ ಕಾಫಿ ತಂದರು. ಗರಿಯಾಹಾಟ್‌ನ ಫುಟ್‌ಪಾತಿನಲ್ಲಿ ಚೈತ್ರ ಸೇಲ್ ನಡೆಯುವಾಗ, ಬಂಗಾಳಿ ವರ್ಷ ಮುಗಿಯುವ ಮುನ್ನ ಅಂಗಡಿಯವರು ಹಳೆ ಸರಕು ಕಳೆಯುವಾಗ, ಈಕೆಯಂತೆ ಚೌಕಾಸಿ ಮಾಡುವವರು ಬಂಗಾಳಿಗಳಲ್ಲೂ ಇರಲಿಲ್ಲ. ಲೋಟ ನನ್ನ ಕೈಗೆ ಕೊಟ್ಟು, ಕನಿಕರದಿಂದ ಹೇಳಿದರು:

"ನೋಡಿ, ಗರಿಯಾಹಾಟ್‌ನಲ್ಲಿ ಅವರು ಹೇಳಿದ ರೇಟಿನ ಅರ್ಧದಿಂದ ನಾವು ಶುರು ಮಾಡುವುದು. ಇಲ್ಲಿ ಅವರೇ ಅರ್ಧದಿಂದ ಶುರು ಮಾಡಿದ್ದಾರೆ ಅಂದ್ರೆ, ಮಾಲಿನಲ್ಲಿ ಎಂತದೋ ಡಿಫೆಕ್ಟ್ ಉಂಟು."

ಕೇಳಿದವರು

ನನ್ನ ಕಚೇರಿಯಲ್ಲಿ ಪಕ್ಕದ ಮೇಜಿನವರು ಬಂಗಾಳಿ. ಮಧ್ಯಾಹ್ನದ ಚಹಾಕ್ಕೆ ಪುಸ್ತಕ ಹಿಡಿದೇ ಬರುವವರು. ಬೇಸರದ ಮುಖ ಕಂಡು ಕೇಳಿದರು, "ಏನಾಯಿತು ಮಶಾಯ್?"

ಮೇಷ್ಟ್ರ ವಿಷಯ ಹೇಳಿದೆ.

"ಬಂಗಾಳಿಯಲ್ಲಿ ಇದೆಯೇ ಆ ಕಾದಂಬರಿ?"

"ಇಲ್ಲ."

"ಇಂಗ್ಲಿಷಿನಲ್ಲಿ?"

"ಇಲ್ಲ."

"ಹಾಗಾದರೆ ಕಥೆ ಹೇಳಿ."

ನಾನು ಹೆಚ್ಚು ಮಾತಾಡುವವನಲ್ಲ. ಆದರೂ ನನ್ನ ಮುರುಕು ಬಂಗಾಳಿಯಲ್ಲಿ ದಿನಕ್ಕಿಷ್ಟು ಎಂದು ಹೇಳುತ್ತ ಹೋದೆ. ಎರಡನೆಯ ದಿನಕ್ಕೆ ಸುತ್ತಲಿನ ಕುರ್ಚಿಗಳೂ ಹತ್ತಿರ ಬಂದವು. ಕೊನೆಯಲ್ಲಿ ಬೆರಳಚ್ಚುಗಾರ್ತಿ ರಾಜೀನಾಮೆಯನ್ನು ತಾನೇ ಬೆರಳಚ್ಚಿಸಿ ತಹಶೀಲ್ದಾರರ ಮುಂದೆ ಇಡುತ್ತಾಳೆ. ಅಲ್ಲಿಗೆ ಮುಟ್ಟಿದ ದಿನ ಇಡೀ ಸೆಕ್ಷನ್ ಎರಡು ಪಕ್ಷವಾಯಿತು. ಅವಳು ಮಾಡಿದ್ದು ಸರಿ ಎಂದು ಕೆಲವರು. ಕಾಯಂ ನೌಕರಿಯನ್ನು ಬಿಡುವ ಹೆಣ್ಣನ್ನು ಬರೆಯುವುದೇ ಸಮಾಜದ್ರೋಹ ಎಂದು ಯೂನಿಯನ್‌ನವರು. ಚಹಾ ಆರಿತು, ಕಡತಗಳು ಕಾದವು, ಇಬ್ಬರು ಮಾತು ಬಿಟ್ಟರು.

ಸಂತೋಷದಿಂದ ಮೇಷ್ಟ್ರಿಗೆ ಬರೆದೆ. ಅವರ ಉತ್ತರ ಒಂದೇ ಸಾಲು: "ಕೇಳಿದವರು ಲೆಕ್ಕಕ್ಕಿಲ್ಲ."

ಮರುದಿನ ಪಕ್ಕದ ಮೇಜಿನವರು ಕೇಳಿದರು, "ನಾವೇ ಇಷ್ಟು ಜಗಳವಾಡಿದೆವಲ್ಲ, ನಿಮ್ಮ ಕನ್ನಡಿಗರ ನಡುವೆ ಇದಕ್ಕೆ ಎಂಥ ಗಲಾಟೆ ಆಗಿರಬೇಡ!"

"ನಮ್ಮವರು ಬಹಳ ಶಾಂತ ಸ್ವಭಾವದವರು," ಎಂದೆ.

ಅದ್ಭುತ

ಮೇಷ್ಟ್ರು ಸೋತು, ಕಾದಂಬರಿಯನ್ನು ಬಿಟ್ಟಿ ಕೊಡಿ ಎಂದರು. ಡಿಟಿಪಿ ಅಂಗಡಿಯಿಂದ ಹೊಸದಾಗಿ ಫೈಲು ಮಾಡಿಸಿ ಕಳಿಸಿದರು. ತೆರೆದು ನೋಡಿದೆ, ಸರಿಯಾಗಿತ್ತು. ಗುಂಪಿಗೆ ಕಳಿಸಿದೆ. ಕೆಳಗಿಳಿದು ಹೋಗಿ ಒಂದು ಭಾಂಡ್ ಚಹಾ ಕುಡಿದು, ಮಣ್ಣಿನ ಲೋಟ ಎಸೆದು ಬರುವಷ್ಟರಲ್ಲಿ ಉತ್ತರಗಳು ಬಂದು ಕೂತಿದ್ದವು.

"ಅದ್ಭುತ!" ಇದು ಅಧ್ಯಕ್ಷರದು.

"ಸೂಪರ್ ಅಂಕಲ್, ಒಂದೇ ಸಲಕ್ಕೆ ಮುಗಿಸಿದೆ." ಇದು ಇಂಜಿನಿಯರನದು. ಮುಗಿದದ್ದು ಡೌನ್‌ಲೋಡ್ ಇರಬೇಕು.

"ಭಾಷೆ ಚಂದ ಉಂಟು." ಇದು ಮ್ಯಾನೇಜರರದು.

ಬಾರಾನಗರದ ಸಂಶೋಧನಾ ಸಂಸ್ಥೆಯಲ್ಲಿದ್ದ ವಿದ್ವಾಂಸರೊಬ್ಬರು ಮಾತ್ರ ಸಂಜೆಯವರೆಗೆ ಸಮಯ ತೆಗೆದುಕೊಂಡು ಬರೆದರು: "ಅಂತ್ಯ ಬಹಳ ಕಾಡುತ್ತದೆ. ಕೆಲವು ಕಡೆ ಇನ್ನೂ ಬಿಗಿಯಾಗಬಹುದಿತ್ತು."

ಇವನ್ನು ಮೇಷ್ಟ್ರಿಗೆ ಕಳಿಸುವುದು ಬೇಡವೆಂದು ನಾನು ಸುಮ್ಮನಿದ್ದೆ. ಅಧ್ಯಕ್ಷರು ಸುಮ್ಮನಿರಲಿಲ್ಲ. ಎಲ್ಲವನ್ನೂ ಸೇರಿಸಿ ಮೇಷ್ಟ್ರಿಗೆ ಕಳಿಸಿ, "ತಮ್ಮ ಓದುಗ ಬಳಗ ತಮ್ಮನ್ನು ನೋಡಲು ಕಾತರದಿಂದಿದೆ, ರಾಜ್ಯೋತ್ಸವಕ್ಕೆ ಬರಬೇಕು" ಎಂದು ಆಹ್ವಾನವನ್ನೂ ಕೊಟ್ಟುಬಿಟ್ಟರು. ಬಂದು ಹೋಗುವ ಖರ್ಚಿನ ಮಾತು ಅದರಲ್ಲಿ ಇರಲಿಲ್ಲ. ಆ ಸಾಲು ಹೇಗೆ ಬಿಟ್ಟುಹೋಯಿತು ಎಂದು ಕೇಳಿದ್ದಕ್ಕೆ ಹೇಳಿದರು:

"ಪುಸ್ತಕಾನೇ ಬಿಟ್ಟಿ ಕೊಟ್ಟವರು ಸ್ವಾಮಿ. ದುಡ್ಡಿನ ಮಾತೆತ್ತಿದರೆ ನೊಂದುಕೊಳ್ತಾರೆ."

ಓದದವರು ಒಬ್ಬರು

ಮೇಷ್ಟ್ರು ರೈಲಿನಲ್ಲಿ, ಸ್ಲೀಪರ್ ಬೋಗಿಯಲ್ಲಿ, ಮಡಿಸಿದ ಧೋತರದ ಮಡಿಕೆ ಕೆಡದಂತೆ ಬಂದರು. ತೆಳ್ಳನೆಯ ಮನುಷ್ಯ. ಹೌರಾದಿಂದ ಬರುವ ಟ್ಯಾಕ್ಸಿಯಲ್ಲಿ ಒಂದೇ ಮಾತು: "ನಿಜವಾಗಿ ಓದಿದ್ದಾರೆಯೇ?"

"ಬರೆದಿದ್ದಾರೆ," ಎಂದೆ. ಅದಕ್ಕಿಂತ ಹೆಚ್ಚು ಹೇಳಲಾಗಲಿಲ್ಲ.

ಬಾಡಿಗೆಗೆ ಹಿಡಿದ ಹಾಲ್ ತುಂಬಿತ್ತು. ಬಿಸಿಬೇಳೆಬಾತಿನ ವಾಸನೆ ಆಗಲೇ ಹಬ್ಬಿತ್ತು. ಇಂಜಿನಿಯರ್ ತನ್ನ ಹೊಸ ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿಗೆ ಸೇರಿಸಿ ಕಾದಂಬರಿಯ ರಕ್ಷಾಪುಟವನ್ನು ಗೋಡೆಗೆ ಬಿಟ್ಟಿದ್ದ. ಟೈಪ್‌ರೈಟರಿನ ಚಿತ್ರ, ದೊಡ್ಡದಾಗಿ. ಅಧ್ಯಕ್ಷರು ಮಾತಾಡಿದರು, ವಿದ್ವಾಂಸರು ಅಂತ್ಯ ಕಾಡಿದ್ದನ್ನು ಮತ್ತೆ ಹೇಳಿದರು. ಮೇಷ್ಟ್ರು ಎದ್ದು ನಿಂತು, ಹಳೆಯ ಅಭ್ಯಾಸದಂತೆ, ಕೇಳಿದರು:

"ಎಲ್ಲಿ, ಓದಿದವರು ಕೈ ಎತ್ತಿ."

ಕೈಗಳು ಮೇಲೆ ಹೋದವು. ಊಟ ಬಡಿಸಲು ಬಂದಿದ್ದ ಒಡಿಯಾ ಅಡುಗೆಯವರೊಬ್ಬರೂ ಎಲ್ಲರನ್ನೂ ನೋಡಿ ಎತ್ತಿದರು. ಮೂರನೆಯ ಸಾಲಿನಲ್ಲಿ ಒಬ್ಬ ಹೆಂಗಸು ಮಾತ್ರ ಎತ್ತಲಿಲ್ಲ. ರೈಲ್ವೆಯವರೊಬ್ಬರ ಹೆಂಡತಿ, ಧಾರವಾಡದವರು.

"ನೀವು ಓದಲಿಲ್ಲವೇ ಅಮ್ಮ?"

ಅವರು ಸೆರಗು ಸರಿಮಾಡಿಕೊಂಡು ಎದ್ದರು. "ಇಲ್ರೀ ಸರ. ನನಗ ಓದಾಕ ಆಗಲಿಲ್ಲ. ಅಕ್ಷರನ ಇರಲಿಲ್ರೀ ಅದರಾಗ. ಬರೇ ಚೌಕ. ಸಾಲಿಗೆ ಚೌಕ ಚೌಕ."

ಹಾಲಿನಲ್ಲಿ ನಗು. ಮ್ಯಾನೇಜರರ ಹೆಂಡತಿ ತಿರುಗಿ, "ನಿಮ್ಮ ಕಂಪ್ಯೂಟರು ಸೆಕೆಂಡ್‌ಹ್ಯಾಂಡಾ?" ಎಂದರು. ಅಧ್ಯಕ್ಷರು ಮೈಕಿಗೇ ಹೇಳಿದರು, "ಏನಮ್ಮ, ನಮಗೆಲ್ಲ ಅಕ್ಷರ ಮುತ್ತು ಪೋಣಿಸಿದ ಹಾಗೆ ಬಂತಲ್ಲ!"

"ಒಂದ್ನಿಮಿಷ ಆಂಟಿ, ತೋರಿಸ್ತೀನಿ," ಎಂದು ಇಂಜಿನಿಯರ್ ಫೈಲಿನ ಒಳಪುಟ ತೆರೆದ.

ಗೋಡೆಯ ತುಂಬ ಚೌಕಗಳು. ಅವನು ಮುಂದಿನ ಪುಟಕ್ಕೆ ಹೋದ. ಚೌಕಗಳು. ಗಾಬರಿಯಲ್ಲಿ ಹತ್ತಾರು ಪುಟ ಒಟ್ಟಿಗೇ ಸರಿಸಿದ. ಸಾಲು ಸಾಲಾಗಿ, ಅಲ್ಪವಿರಾಮ ಪೂರ್ಣವಿರಾಮಗಳ ಸಮೇತ, ಚೌಕಗಳು.

ಡಿಟಿಪಿ ಅಂಗಡಿಯವನು ಕನ್ನಡದ ಫಾಂಟನ್ನು ಫೈಲಿನ ಜೊತೆ ಸೇರಿಸಿರಲಿಲ್ಲ. ಆ ಕಾಲದಲ್ಲಿ ಅದು ಕಂಪ್ಯೂಟರಿನಲ್ಲಿ ಮೊದಲೇ ಇದ್ದರೆ ಮಾತ್ರ ಅಕ್ಷರ ಕಾಣುತ್ತಿತ್ತು. ನನ್ನದರಲ್ಲಿ ಎಲ್ಲ ಫಾಂಟುಗಳೂ ಇದ್ದದ್ದರಿಂದ ನನಗೆ ಗೊತ್ತಾಗಲಿಲ್ಲ. ಉಳಿದವರಿಗೆ ಏಕೆ ಗೊತ್ತಾಗಲಿಲ್ಲ ಎಂಬುದು ಗೋಡೆಯ ಮೇಲೆ ಬರೆದಂತಿತ್ತು. ಓದಲಿಲ್ಲ ಎಂದವರು ಒಬ್ಬರೇ. ತೆರೆದು ನೋಡಿದವರೂ ಅವರೊಬ್ಬರೇ.

ಅಧ್ಯಕ್ಷರು ಮೈಕನ್ನು ಮತ್ತೆ ಹತ್ತಿರ ಎಳೆದುಕೊಂಡರು.

"ನಾನು ಇದನ್ನ ನವ್ಯ ಅಂದ್ಕೊಂಡಿದ್ದೆ."

ಮೇಷ್ಟ್ರು ವೇದಿಕೆ ಇಳಿದು ಮೂರನೆಯ ಸಾಲಿಗೆ ಹೋದರು. "ಎಷ್ಟು ಪುಟದವರೆಗೆ ನೋಡಿದಿರಿ ಅಮ್ಮ?"

"ಕಡೀ ಪುಟದ ತನಕ ನೋಡೀನ್ರೀ ಸರ," ಎಂದರು ಅವರು. "ಎಲ್ಲ್ಯಾರ ಒಂದ್ ಕಡೆ ಅಕ್ಷರ ಬರಬಹುದು ಅಂತ."

ಮೇಷ್ಟ್ರು ಅಲ್ಲೇ ಖಾಲಿ ಕುರ್ಚಿಯಲ್ಲಿ ಕೂತುಬಿಟ್ಟರು. ನಗುತ್ತಿದ್ದರೋ ಇನ್ನೇನೋ, ನನಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಹೌರಾದಲ್ಲಿ ರೈಲು ಹತ್ತುವಾಗ ಹೇಳಿದರು: "ಎರಡನೆಯದು ಶುರು ಮಾಡುತ್ತೇನೆ. ಚೌಕಗಳನ್ನೇ ಕೊನೆಯವರೆಗೆ ಬಿಡದವರು, ಅಕ್ಷರಗಳನ್ನು ಬಿಟ್ಟಾರೆಯೇ?"

ಫೈಲು ಸರಿಪಡಿಸಿಕೊಂಡು ಮುಂದಿನ ಶನಿವಾರವೇ ಗುಂಪಿಗೆ ಮತ್ತೆ ಕಳಿಸಿದೆ. ಧಾರವಾಡದವರು ಉತ್ತರ ಬರೆಯಲಿಲ್ಲ. ಓದುತ್ತಿದ್ದರೆಂದು ಕಾಣುತ್ತದೆ. ಅಧ್ಯಕ್ಷರ ಉತ್ತರ ಮಾತ್ರ ತಕ್ಷಣ ಬಂತು:

"ಇದು ನಾವೆಲ್ಲ ಆಗಲೇ ಓದಿದ್ದಲ್ಲವೇ ಸ್ವಾಮಿ? ಹೊಸದೇನಾದರೂ ಇದ್ದರೆ ಕಳಿಸಿ."