ಸೆಕೆಂಡಿಗೆ ಹತ್ತು ಸಲ ಕೇಳಿದರೆ

ನಾನಾಗಿ ಯಾರನ್ನೂ ಕಾಡಿದವನಲ್ಲ. ಕಾಡುವುದು ನನ್ನ ಫೋನು, ಬೈಗುಳ ಮಾತ್ರ ನನಗೆ ಬರುತ್ತವೆ. ಒಮ್ಮೆ ಒಂದೇ ದಿನ ಎರಡು ಊರಿಂದ ಬಂದವು.

ಯಾವನಂವ?

ಹತ್ತನೆಯ ತರಗತಿಯ ಗಣಿತವನ್ನು ಎರಡನೇ ಸಲ ಬರೆದಿದ್ದೆ. "ಈ ಸಲಾನೂ ಹೋತಂದ್ರ ನಿಮ್ಮ ಮಾವನ ಕುರಿ ಹಿಂದ ಹೋಗು" ಅಂದಿದ್ದಳು ಅವ್ವ. ಮಾವ ಆಗಲೇ ಕುರಿ ಕಾಯಲು ನನಗೊಂದು ಕಂಬಳಿ ಕಳಿಸಿಬಿಟ್ಟಿದ್ದ.

ಫಲಿತಾಂಶದ ದಿನ ಸುರಪುರದ ಆನ್‌ಲೈನ್ ಸೆಂಟರಿನ ವೈಫೈ ಹಿಡಿದು ಕೂತೆ. ಬೆರಳು ನೋಯಬಾರದಂತ, ಫಲಿತಾಂಶದ ವೆಬ್‌ಸೈಟಿನ ಗುಂಡಿಯನ್ನು ತಾನೇ ಒತ್ತುವ ಆ್ಯಪ್ ಹಾಕಿದೆ. ಸೆಕೆಂಡಿಗೆ ಹತ್ತು ಸಲ. ಐದು ನಿಮಿಷಕ್ಕೆ ಅಂಗಡಿಯ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಬರಹ: 'ಇಲ್ಲಿಂದ ಬಹಳ ಸಲ ಕೇಳಲಾಗಿದೆ. ಒಂದು ಗಂಟೆ ಬಿಟ್ಟು ಪ್ರಯತ್ನಿಸಿ.'

ಪಾಳಿಯಲ್ಲಿ ನಿಂತಿದ್ದ ಮಂದಿ ಗದ್ದಲ ಎಬ್ಬಿಸಿದರು. "ಯಾವನಲೇ ಅಂವ?" ಎಂದ ಮಾಲೀಕ.

ನಾನೂ ಎದ್ದು ನಿಂತೆ. "ಹೌದ್ರಿ, ಮಂದಿ ಮಕ್ಕಳ ರಿಸಲ್ಟ್ ಮ್ಯಾಲ ಕುಂತಾನಲ್ಲ, ಯಾವನಂವ?"

ಮಾಲೀಕ ಮೇಜಿನ ಮೇಲಿದ್ದ ನನ್ನ ಫೋನು ನೋಡಿದ. ನಾನು ಮಾತಾಡುತ್ತಿದ್ದೆ, ಅದು ಒತ್ತುತ್ತಲೇ ಇತ್ತು.

ಪುಂಡಿಪಲ್ಲೆ ಕೈ

ಹೊರಗೆ ದಬ್ಬಿಸಿಕೊಂಡು ಬಂದಾಗ ಕಂಬದ ಮೇಲೊಂದು ಚೀಟಿ ಕಂಡಿತು. ಶಹಾಪುರದ ಟ್ಯೂಷನ್ನಿನದು: ನೋಂದಣಿ ಸಂಖ್ಯೆ ವಾಟ್ಸಾಪ್ ಮಾಡಿದರೆ ಫಲಿತಾಂಶ ತಿಳಿಸುತ್ತೇವೆ. ಆ ಕಡೆ ಯಂತ್ರ ಇರಬೇಕೆಂದುಕೊಂಡು, ನನ್ನ ಸಂಖ್ಯೆಯಿರುವ ಮೆಸೇಜು ನಿಮಿಷಕ್ಕೊಂದು ತಾನೇ ಹೋಗುವಂತೆ ಮಾಡಿ ಮನೆಗೆ ನಡೆದೆ.

ಮೊದಲು 'ಇನ್ನೂ ಬಂದಿಲ್ಲಪ್ಪ' ಅಂತ ಬಂತು. ಆಮೇಲೆ 'ಇಲ್ಲೋ ತಮ್ಮಾ'. ಆಮೇಲೆ ಬರೀ 'ಇಲ್ಲ'. ಒಂದೂವರೆ ತಾಸಾದ ಮೇಲೆ: 'ಊಟಕ್ಕ ಕುಂತೇನಿ.'

'ಯಂತ್ರ ಉಣ್ಣತೈತೇನ್ರಿ?' ಎಂದು ಬರೆದೆ.

'ಉಣ್ಣತೈತಲೇ ಮಗನ. ರೊಟ್ಟಿ-ಪುಂಡಿಪಲ್ಲೆ ಹತ್ತಿದ ಕೈಲೇ ನಿನಗ ಬರ್ಯಾಕತ್ತೈತಿ. ನಾ ಇಲ್ಲಿ ಗಣಿತದ ಮಾಸ್ತರ.'

ಕಂಬಳಿ

ಮೆಸೇಜು ನಿಲ್ಲಿಸಿದೆ. ಅರ್ಧ ತಾಸಿಗೆ ಮಾಸ್ತರರೇ ಬರೆದರು: 'ನಿಂದು ಬಂದೈತಿ.'

'ಎಷ್ಟ್ರಿ?'

'ನಿಮಿಷಕ್ಕೊಂದರಂಗ ಒಂದೂವರೆ ತಾಸು ಕಾಡಿದಿ. ಒಟ್ಟು ಎಷ್ಟು ಸಲ? ಅದನ್ನ ಮೊದಲ ಹೇಳು.'

ಗುಣಾಕಾರ ನೆಚ್ಚುವ ದಿನವಲ್ಲ ಅದು. ಮೇಲಿಂದ ಒಂದೊಂದೇ ಮೆಸೇಜು ಎಣಿಸಿ 'ತೊಂಬತ್ತು' ಅಂದೆ.

'ಸರಿ. ನಿಂದು ಮೂವತ್ತೈದು. ಪಾಸಾಗಿದಿ.'

ಅವ್ವನಿಗೆ ನಂಬಿಕೆ ಬರಲಿಲ್ಲ. ಕಂಬಳಿ ಬಗಲಲ್ಲೇ ಇಟ್ಟುಕೊಂಡು, "ಖರೇನೋ? ಇನ್ನೊಮ್ಮಿ ಕೇಳು," ಎಂದಳು.

"ಒಲ್ಲೆವ್ವಾ," ದನಿ ತಗ್ಗಿಸಿದೆ. "ಯಂತ್ರ ಉಂಡು ಮಲಗೈತಿ."