ಅನುಕಂಪದ ನೌಕರಿಗೆ ಲಿನಕ್ಸ್ ಪಾಠ

ಪುಕ್ಕಟೆ ಸಿಕ್ಕಿದ್ದನ್ನು ಆಫೀಸಿಗೆ ತಂದರೆ ಏನೇನಾಗುತ್ತೆ ಅಂತ ನನ್ನನ್ನು ಕೇಳಿ. ಮದ್ರಾಸಿನ ಪೆರಂಬೂರಿನಲ್ಲಿ ಒಂದು ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳೋನು ನಾನು. ಎರಡು ಸಾವಿರ ಇಸವಿಯ ಆಸುಪಾಸಿನಲ್ಲಿ ನಮ್ಮ ಸಾಹೇಬರಿಗೆ ಯಾರೋ ಹೇಳಿದರು, ವಿಂಡೋಸ್ ಬದಲು ಲಿನಕ್ಸ್ ಹಾಕಿದರೆ ದುಡ್ಡು ಕೊಡಬೇಕಾಗಿಲ್ಲ ಅಂತ. ಮಾರನೇ ದಿನವೇ ಯಾವುದೋ ಪತ್ರಿಕೆ ಜೊತೆ ಬಂದ ಸಿಡಿ ನನ್ನ ಮೇಜಿನ ಮೇಲಿತ್ತು. ಅಂದಿನಿಂದ ದಿನಕ್ಕೊಂದು ಅವಾಂತರ ತಪ್ಪಿದ್ದಲ್ಲ.

ಅದೇ ತಿಂಗಳು ನಮ್ಮ ಗುಮಾಸ್ತರೊಬ್ಬರು ಎದೆನೋವು ಅಂತ ಮನೆಗೆ ಹೋದವರು ತಿರುಗಿ ಬರಲಿಲ್ಲ. ಅನುಕಂಪದ ಆಧಾರದ ಮೇಲೆ ಅವರ ಹೆಂಡತಿ ಕೆಲಸಕ್ಕೆ ಬಂದರು. ಮೈಸೂರು ಕಡೆಯವರು, ನಲವತ್ತು ದಾಟಿತ್ತು, ಮನೇಲಿ ಓದೋ ಹೆಣ್ಣುಮಕ್ಕಳಿಬ್ಬರು. ಆರು ತಿಂಗಳಲ್ಲಿ ಕಂಪ್ಯೂಟರ್‌ನಲ್ಲಿ ಟೈಪ್ ಮಾಡೋ ಪರೀಕ್ಷೆ ಪಾಸಾದರೆ ಗುಮಾಸ್ತೆ. ಇಲ್ಲದಿದ್ದರೆ ಗಂಡ ಕೂತು ಬರೆಯುತ್ತಿದ್ದ ಮೇಜಿಗೇ ನೀರು ತಂದಿಡೋ ಕೆಲಸ. ಕನ್ನಡದವನು ಅಂತ ಕಲಿಸೋ ಭಾರ ನನ್ನ ತಲೆಗೆ ಬಿತ್ತು. ನಾನು ಅವರನ್ನು ಅಕ್ಕ ಅಂತಿದ್ದೆ.

ಕಾಣದಿದ್ದರೂ ಹೊಡೀರಿ

ನಮ್ಮ ಲಿನಕ್ಸ್‌ನಲ್ಲಿ ಪಾಸ್‌ವರ್ಡ್ ಹೊಡೆದರೆ ಪರದೆ ಮೇಲೆ ಒಂದು ಚುಕ್ಕಿ ಕೂಡ ಕಾಣುತ್ತಿರಲಿಲ್ಲ. ಅಕ್ಕ ಒಂದಕ್ಷರ ಒತ್ತೋದು, ಬಗ್ಗಿ ನೋಡೋದು, ಮತ್ತೆ ಅದನ್ನೇ ಒತ್ತೋದು. ಮೂರು ದಿನ ಒಳಗೇ ಹೋಗಲಿಲ್ಲ. ಕೀಬೋರ್ಡ್ ಕೆಟ್ಟಿದೆ ಅಂತ ಸಾಹೇಬರಿಗೆ ಅರ್ಜಿ ಕೊಟ್ಟರು, ಸಾಹೇಬರು ಹೊಸದನ್ನು ಕೊಡಿಸಿಯೂ ಬಿಟ್ಟರು.

ನನಗೋ ಸಿಟ್ಟು ಮೂಗಿನ ತುದೀಲಿ. "ಕಾಣ್ದಿದ್ರೂ ಒಳಗೆ ಹೋಗ್ತಾ ಇರುತ್ತೆ ಅಕ್ಕ. ಉತ್ತರಕ್ಕೆ ಕಾಯ್ಬೇಡಿ. ಹೊಡೆಯೋದನ್ನ ಹೊಡೆದು ಎಂಟರ್ ಒತ್ತಿ" ಅಂದೆ.

"ಇದನ್ನ ಮೊದ್ಲೇ ಹೇಳ್ಬಾರ್ದಾ ಸಾರ್? ನಮ್ಮನೆಯವ್ರ ಹತ್ರ ಇಪ್ಪತ್ತು ವರ್ಷ ಹಿಂಗೇ ಮಾತಾಡಿದೀನಿ" ಅಂದರು. ಒಂದೇ ಸಲಕ್ಕೆ ಒಳಗೆ ಹೋದರು.

ರೂಟ್ ಆಗಿ ಕೂರಬೇಡಿ

ದಿನದ ಕೆಲಸಕ್ಕೆ ರೂಟ್ ಅನ್ನೋ ಹೆಸರಲ್ಲಿ ಒಳಗೆ ಹೋಗಬಾರದು. ಆ ಹೆಸರಿಗೆ ಸಕಲ ಅಧಿಕಾರ. ಏನು ಅಳಿಸಿದರೂ ಯಂತ್ರ ಬೇಡ ಅನ್ನೋದಿಲ್ಲ. ಇಷ್ಟು ಹೇಳಿದ್ದೇ ತಪ್ಪಾಯ್ತು. "ಈ ಆಫೀಸಿನಲ್ಲಿ ನನಗಿಂತ ಮೇಲೆ ಇನ್ನೊಬ್ಬನಾ?" ಅಂತ ಸಾಹೇಬರು ಪಾಸ್‌ವರ್ಡ್ ಈಸಿಕೊಂಡರು. ಎರಡೇ ದಿನದಲ್ಲಿ ಅಕ್ಕನ ನಾಲ್ಕು ತಿಂಗಳ ಅಭ್ಯಾಸವನ್ನೆಲ್ಲ ಕಸ ಅಂತ ಗುಡಿಸಿ ಹಾಕಿದ್ದರು.

ಸಾಹೇಬರನ್ನು ಬೈಯೋ ಹಾಗಿಲ್ಲ, ಅಕ್ಕನ ಮೇಲೇ ಹಾರಿದೆ. "ಒಂದು ನಕಲು ಇಟ್ಕೊಳ್ಳಿ ಅಂತ ಎಷ್ಟು ಸಲ ಹೇಳ್ಲಿ? ಇದ್ರಲ್ಲಿ ಹೋದದ್ದು ಹೋದಂಗೇ, ವಾಪಸ್ ಬರಲ್ಲ."

"ಅದು ನಂಗೊತ್ತು ಸಾರ್" ಅಂದರು ಅಕ್ಕ. ಯಾರ ಹತ್ತಿರ ಏನು ಅಂದೆ ಅಂತ ಹೊಳೆದು ನನಗೆ ನಾಚಿಕೆಯಾಯ್ತು. ಅವರೇ ಮುಂದುವರಿಸಿದರು: "ಸಾಹೇಬ್ರಿಗೇ ಗೊತ್ತಿಲ್ಲ, ಪಾಪ. ಅವ್ರ ವರ್ಗಾವಣೆ ಅರ್ಜಿ ನಾನೇ ಟೈಪ್ ಮಾಡಿದ್ದೆ. ಅದೂ ಅದ್ರಲ್ಲೇ ಇತ್ತು."

ಸಿಡಿ ತಟ್ಟೆಯಲ್ಲಿ ಸಿಡಿ ಮಾತ್ರ ಇಡಿ

ಸಾಹೇಬರು ಗುಡಿಸಿದ್ದರಲ್ಲಿ ಲಿನಕ್ಸಿನ ಕಡತಗಳೂ ಇದ್ದವು. ಎಲ್ಲಾ ಮತ್ತೆ ಹಾಕೋಣ ಅಂತ ಸಿಡಿ ತಗೊಂಡು ಗುಂಡಿ ಒತ್ತಿದರೆ ತಟ್ಟೆ ಕರಕರ ಅಂತ ಹೊರಗೆ ಬಂತು, ಅದರ ಹಿಂದೆ ಇರುವೆ ಸಾಲು. ಆಯುಧಪೂಜೆ ದಿನ ಸಾಹೇಬರು ಆ ತಟ್ಟೆ ಮೇಲೆ ಪುರಿ, ಕಡಲೆ, ಬೆಲ್ಲ ಇಟ್ಟು ನೈವೇದ್ಯ ಮಾಡಿ, ಹಾಗೇ ಒಳಕ್ಕೆ ತಳ್ಳಿದ್ದರು. ಕೇಳಿದರೆ, "ಯಂತ್ರ ತಾನಾಗೇ ಬಾಯಿ ತೆರೀತಪ್ಪ" ಅಂದರು.

ತಪಾಸಣೆ ನಡೆಯುವಾಗ ಮುಟ್ಟಬೇಡಿ

ಪರೀಕ್ಷೆಗೆ ಹೆಡ್ಡಾಫೀಸಿನಿಂದ ಒಬ್ಬರು ಬಂದರು. ಲಿನಕ್ಸ್ ಕಂಡವರಲ್ಲ, ಹಾಗಂತ ಒಪ್ಪಿಕೊಳ್ಳೋರೂ ಅಲ್ಲ. ಅಕ್ಕ ಅವತ್ತು ತಿಂಡಿಯನ್ನೂ ತಿಂದಿರಲಿಲ್ಲ. ನಾನು ಬಾಗಿಲಲ್ಲಿ ನಿಂತಿದ್ದೆ. ಮೂರು ಸಾಲು ಹೊಡೆದಿದ್ದರೋ ಇಲ್ಲವೋ, ಕರೆಂಟ್ ಹೋಯ್ತು. ಯುಪಿಎಸ್ ಒಂದಿತ್ತು. ಅದಕ್ಕೆ ಸಾಹೇಬರ ಟೇಬಲ್ ಫ್ಯಾನ್ ಸಿಕ್ಕಿಸಿತ್ತು.

ಕರೆಂಟ್ ಬಂದಾಗ ಉಳಿದಿದ್ದು ಹತ್ತು ನಿಮಿಷ. ಹಾಗೆ ದಿಢೀರನೆ ಆರಿದ ಯಂತ್ರ ಮತ್ತೆ ಏಳುವಾಗ ತನ್ನ ಡಿಸ್ಕನ್ನು ತಾನೇ ತಪಾಸಣೆ ಮಾಡಿಕೊಳ್ಳುತ್ತೆ. ಕಪ್ಪು ಪರದೆ ಮೇಲೆ ಬಿಳಿ ಅಕ್ಷರಗಳು ಸಾಲುಸಾಲಾಗಿ ಓಡುತ್ತವೆ. ಆಗ ಏನನ್ನೂ ಮುಟ್ಟಬಾರದು. ಅಕ್ಕ ಮುಟ್ಟಲಿಲ್ಲ. ಮಡಿಲಲ್ಲಿ ಕೈಯಿಟ್ಟುಕೊಂಡು ಕೂತರು. ನಾಳೆಯಿಂದ ಇವರಿಗೆ ನೀರಿನ ಕೊಡವೇ ಗತಿ ಅಂದುಕೊಂಡೆ.

ಬೆನ್ನ ಹಿಂದೆ ನಿಂತ ಪರೀಕ್ಷಕರಿಗೆ ಅಕ್ಕನ ಕೈ ಕಾಣಲಿಲ್ಲ, ಓಡೋ ಅಕ್ಷರಗಳಷ್ಟೇ ಕಂಡವು. ಹೊತ್ತು ಮುಗಿದ ಮೇಲೆ ಬೆವರು ಒರೆಸಿಕೊಂಡು ಸಾಹೇಬರಿಗೆ ಹೇಳಿದರು: "ಈ ಸ್ಪೀಡು ನಮ್ಮ ಹೆಡ್ಡಾಫೀಸಲ್ಲೇ ಯಾರಿಗೂ ಇಲ್ಲ ಸಾರ್. ಇಂಗ್ಲಿಷಂತೂ ನನಗೇ ಅರ್ಥ ಆಗಲಿಲ್ಲ." ಪಾಸ್ ಅಂತ ಬರೆದು ಸಹಿ ಹಾಕಿದರು.

ಎಲ್ಲರೂ ಹೋದ ಮೇಲೆ ಕಾಫಿ ತಂದುಕೊಟ್ಟು, "ಇನ್ನೇನಕ್ಕ, ಖಾಯಂ ಆದ್ರಲ್ಲ" ಅಂದೆ. ಅಕ್ಕ ಲೋಟ ಕೈಗೆ ತಗೊಂಡರು.

"ನಮ್ಮನೆಯವ್ರು ಹೋದ್ರು, ನಾನು ಸುಮ್ನೆ ಕೂತಿದ್ದೆ, ಕೆಲಸ ಬಂತು. ಇವತ್ತು ಕರೆಂಟ್ ಹೋಯ್ತು, ಸುಮ್ನೆ ಕೂತಿದ್ದೆ, ಪಾಸಾದೆ. ಇನ್ನು ಬಡ್ತಿ ಬೇಕು ಅಂದ್ರೆ ಯಾರು ಹೋಗ್ಬೇಕೋ ಸಾರ್, ನೆನೆಸ್ಕೊಂಡ್ರೆ ಭಯ ಆಗುತ್ತೆ" ಅಂದರು.