ಆಟದ ಕಾರಿನ ಹೊಗೆಕೊಳವೆಯವರಿಗೆ

ಮಾನ್ಯ ಹೊಗೆಕೊಳವೆಯವರೇ,

ಈ ದಿನ ನನಗೆ ಉಪವಾಸ. ಕಸ ಗುಡಿಸಿ, ನೀರು ತುಂಬಿಸಿ, ದೇವರ ಮುಂದೆ ದೀಪ ಹಚ್ಚಿ, ಖಾಲಿ ಹೊಟ್ಟೆಯಲ್ಲಿ ಸುಳ್ಳು ಬರೆಯಬಾರದೆಂಬ ಭಯಭಕ್ತಿಯಿಂದ ತಮಗೂ ಕೈಮುಗಿದು ಈ ನಾಲ್ಕು ಸಾಲು ಬರೆಯುತ್ತಿದ್ದೇನೆ.

ನಮ್ಮ ಯಜಮಾನರು ತಾರಸಿಯ ಮೇಲೆ ರಿಮೋಟಿನಿಂದ ಓಡಿಸುವ ಮೊಳದುದ್ದದ ಪೆಟ್ರೋಲ್ ಕಾರಿನ ಎಂಜಿನ್ನಿಗೆ ತಾವು ಬಾಲದಂತೆ ಅಂಟಿಕೊಂಡಿದ್ದೀರಿ. ಅಳತೆಗೆ ಗೇಣುದ್ದವಾದರೂ ತಮ್ಮ ಕೀರ್ತಿ ನಾಲ್ಕು ಬೀದಿ ದಾಟಿದೆ. ಬಂದ ಹೊಸತರಲ್ಲಿ ತಮ್ಮ ದನಿ ಹೇಗೋ ತಡೆದುಕೊಳ್ಳುವಂತಿತ್ತು. "ರೀ, ಪ್ರಾರ್ಥನೆಗೆ ಕೂತಾಗಲಾದ್ರೂ ಇದನ್ನ ಸ್ವಲ್ಪ ಮೆತ್ತಗೆ ಮಾಡಿ" ಎಂದು ನಾನು ಬಾಯಿಬಿಟ್ಟದ್ದೇ ತಪ್ಪಾಯಿತು. ಅವರು ಬೀಗ ರಿಪೇರಿಯವರು, ಅರ ಹಿಡಿದ ಕೈ ಸುಮ್ಮನಿರುವುದಿಲ್ಲ. ಒಂದೇ ಬಾಯಿಂದ ಬರುವ ಸದ್ದನ್ನು ಐದು ಬಾಯಿಗೆ ಹಂಚಿದರೆ ಒಂದೊಂದರ ಪಾಲಿಗೆ ಚೂರುಪಾರು ಬರುತ್ತದೆಂದು ಲೆಕ್ಕಹಾಕಿ ತಮ್ಮ ಮೈಗೆ ನಾಲ್ಕು ತೂತು ಕೊರೆದರು. ಆಮೇಲೆ ನಾನು ಪಾತ್ರೆ ಉಜ್ಜುವ ಸ್ಟೀಲ್ ನಾರನ್ನು ತಮ್ಮ ಹೊಟ್ಟೆಗೆ ತುರುಕಿದರು. ತಾವು ಅದನ್ನು ಎಣ್ಣೆ ಸಮೇತ ಪಕ್ಕದ ಮನೆಯವರ ಒಗೆದ ಬಟ್ಟೆಯ ಮೇಲೆ ಉಗಿದಿರಿ. ಕೊನೆಗೆ ತಮ್ಮ ತುದಿಯನ್ನೇ ಎರಡು ಬೆರಳಿನಷ್ಟು ಕೊಯ್ದರು.

ಪ್ರತಿ ಸಲವೂ ಎಂಜಿನ್ ಆರಿಸದೆಯೇ ಒಳಗೆ ಬಂದು, "ನೋಡೇ, ಈಗ ಎಷ್ಟು ತಣ್ಣಗಿದೆ!" ಎಂದು ಹಿಗ್ಗುವರು. ಅತ್ತ ಕಪಾಟಿನಲ್ಲಿ ಲೋಟಗಳು ಗಡಗಡ ನಡುಗುತ್ತಿರುತ್ತವೆ. ಕೆಳಮನೆಯ ದರ್ಜಿ ಕಿಟಕಿಯಿಂದ ಕತ್ತು ಚಾಚಿ, "ಏನಣ್ಣಾ, ತಾರಸಿ ಮೇಲೆ ಹೆಲಿಕಾಪ್ಟರ್ ಇಳೀತಾ?" ಎಂದು ಕೇಳಿದರೆ, ಇವರು ನಗುನಗುತ್ತಾ, "ಓ, ಆಗಲೇ ಆಯ್ತು, ನಿಮ್ಮದು ಊಟ?" ಎಂದರು.

ಆಗ ನನಗೆ ಅರ್ಥವಾಯಿತು. ತಮ್ಮ ದನಿ ಎಳ್ಳಷ್ಟೂ ಇಳಿದಿಲ್ಲ, ಇಳಿದದ್ದು ಅವರ ಕಿವಿ. ಇಂಥ ಪವಾಡ ಮಾಡಿದ ತಮಗೆ ಶಾಲು ಹೊದಿಸಬೇಕಿತ್ತು, ಆದರೆ ತಾವು ಸುಟ್ಟುಹಾಕುವಿರೆಂಬ ಭಯ.

ಕಿವಿಯೆಂದರೆ ಅವರಿಗೆ ಬರೀ ಕಿವಿಯಲ್ಲ, ಅನ್ನದ ದಾರಿ. ಮೂವತ್ತು ವರ್ಷ ಬಾಗಿಲಿಗೆ ಕಿವಿಯಾನಿಸಿ, ಒಳಗಿನ ಟಿಕ್ ಶಬ್ದ ಹಿಡಿದು, ಒಂದು ತಂತಿಯಲ್ಲಿ ಬೀಗ ತೆಗೆದವರು ಅವರು. ಹೋದ ವಾರ ಔಷಧಿ ಅಂಗಡಿಯವರ ಬೀರುವಿನ ಮುಂದೆ ಎರಡು ಗಂಟೆ ಕೂತು, ಕೊನೆಗೆ ಡ್ರಿಲ್ ಹಾಕಿ ಒಡೆದರಂತೆ. ಮನೆಗೆ ಬಂದು, "ಈಗಿನ ಬೀಗಗಳಿಗೆ ಬಾಯೇ ಇಲ್ಲ ಕಣೇ" ಎಂದು ತಟ್ಟೆ ಸರಿಸಿ ಎದ್ದುಬಿಟ್ಟರು. ಕಿವಿ ಡಾಕ್ಟರ ಹತ್ತಿರ ಹೋಗೋಣವೆಂದು ಹನ್ನೊಂದು ಸಲ ಹೇಳಿದ್ದೇನೆ. ಹನ್ನೊಂದು ಸಲವೂ ತಲೆಯಾಡಿಸಿ ತಮ್ಮನ್ನು ಉಜ್ಜಲು ಕೂತಿದ್ದಾರೆ.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ: ತಾವು ನುಂಗಿದ ಸದ್ದುಗಳಲ್ಲಿ ಬೀಗದ ಆ ಟಿಕ್ ಒಂದನ್ನು ಹುಡುಕಿ, ಒರೆಸಿ, ಅವರ ಕಿವಿಯಲ್ಲಿ ಮರಳಿ ಇಡತಕ್ಕದ್ದು. ನನ್ನ ಮಾತುಗಳನ್ನು ಹಿಂದಿರುಗಿಸುವ ತೊಂದರೆ ಬೇಡ. ಅವು ಕಿವಿ ಚೆನ್ನಾಗಿದ್ದಾಗಲೂ ಒಳಗೆ ಹೋದದ್ದಿಲ್ಲ.

ಇಂತು, ಲೋಟಗಳನ್ನು ಹಿಡಿದುಕೊಂಡೇ ಇರುವ
ತಮ್ಮ ವಿಶ್ವಾಸಿ,
ಬೀಗದವರ ಹೆಂಡತಿ

ವಿ.ಸೂ.: ಈ ಕಾಗದದ ಒಂದು ಪ್ರತಿಯನ್ನು ದರ್ಜಿಯವರ ಅಂಗಡಿ ಬಾಗಿಲಿಗೆ ಅಂಟಿಸಿ, ಇನ್ನೊಂದನ್ನು ತಮ್ಮ ಮೈಗೇ ದಾರದಿಂದ ಕಟ್ಟಿದ್ದೇನೆ. ಮೊದಲು ಬಿಚ್ಚಿ ಓದುವವರು ಯಾರೆಂದು ಗೊತ್ತು. ಅವರ ಕಣ್ಣು ಇನ್ನೂ ಚೆನ್ನಾಗಿದೆ. ತಮ್ಮ ಉತ್ತರವನ್ನು ದಯವಿಟ್ಟು ಅವರ ಕೈಯಲ್ಲೇ ಕಳಿಸಿ. ಗುರುವಾರ ಬೆಳಿಗ್ಗೆ ಹತ್ತಕ್ಕೆ, ಕಿವಿ ಡಾಕ್ಟರ ಬಾಗಿಲಲ್ಲಿ ಕಾಯುತ್ತಿರುತ್ತೇನೆ.